ನಾನು ಸಹಿ ಹಾಕದ ರಿಯಾಕ್ಟರ್ ಲೆಕ್ಕ

ಅಣುಸ್ಥಾವರದ ರಿಯಾಕ್ಟರನ್ನು ನಾನು ಕಣ್ಣಾರೆ ಕಂಡಿಲ್ಲ. ವೈಟ್‌ಫೀಲ್ಡಿನ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಕೂತು, ತಣಿಸುವ ನೀರಿನ ಪಂಪು ಇದ್ದಕ್ಕಿದ್ದಂತೆ ನಿಂತರೆ ಅದರೊಳಗಿನ ಇಂಧನದ ಸರಳುಗಳು ಎಷ್ಟು ಬಿಸಿಯಾಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಈ ಲೆಕ್ಕವನ್ನು ಇಬ್ಬರು ಬೇರೆಬೇರೆಯಾಗಿ ಮಾಡಬೇಕು. ಎರಡನೆಯವರು ನಕ್ಷೆ ನೋಡಿ ತಮ್ಮದೇ ಮಾದರಿ ಕಟ್ಟಿ, ಉತ್ತರ ಹೊಂದಿದರೆ ‘ಪರಿಶೀಲಿಸಿದವರು’ ಎಂಬಲ್ಲಿ ಸಹಿ ಹಾಕಬೇಕು. ಆ ಸಲ ಎರಡನೆಯವಳು ನಾನು.

ಲೆಕ್ಕ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಟೀಮ್ ಲೀಡ್ ಮೊದಲನೆಯವರು ಕಟ್ಟಿದ ಮಾದರಿಯ ಫೈಲನ್ನೇ ನನಗೆ ಕಳಿಸಿ, “ಹೊಸದಾಗಿ ಕಟ್ಟೋಕೆ ಟೈಮ್ ಇಲ್ಲ. ಇದನ್ನೇ ರನ್ ಮಾಡಿ ಸೈನ್ ಮಾಡ್ಬಿಡಿ” ಎಂದರು. ರನ್ ಮಾಡಿದೆ. ಕೊನೆಯ ದಶಮಾಂಶದವರೆಗೂ ಅದೇ ಉತ್ತರ ಬಂತು. ಸುಳ್ಳೇಕೆ ಹೇಳಲಿ, ಬೇಗ ಮನೆಗೆ ಹೋಗಬಹುದೆಂದು ಖುಷಿಯೂ ಆಯಿತು. ಸಹಿ ನಾಳೆ ಹಾಕಿದರಾಯಿತು ಎಂದು ಹೊರಟೆ.

ಮನೆಯಲ್ಲಿ ಅಮ್ಮನಿಗೆ ಇದನ್ನು ಹೇಳಿದೆ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಗೇಜು ಹಿಡಿದು ಅಳೆದು ಪಾಸು ಮಾಡುವ ಕೆಲಸ ಅವಳದು. ಸೊಪ್ಪು ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

“ಮಾಡ್ದೋನ್ ಗೇಜಲ್ಲೇ ಅಳೆದ್ರೆ ಎಲ್ಲಾ ಸರಿಯಾಗೇ ಬರ್ತದೆ. ಅಂಗಾದ್ರೆ ನೀನ್ ಯಾಕವ್ವ ಅಲ್ಲಿ?”

ಕೋಪ ನೆತ್ತಿಗೇರಿತು. ಅವಳ ಮೇಲಲ್ಲ, ನನ್ನ ಮೇಲೆಯೇ.

ಮರುದಿನ ಸಹಿ ಹಾಕುವುದಿಲ್ಲ ಎಂದೆ. ಲೀಡ್ ಮುಖ ಗಂಟು ಹಾಕಿಕೊಂಡರು. “ಅಪ್ರೈಸಲ್ ಹತ್ರ ಬರ್ತಿದೆ. ಪ್ರಮೋಷನ್ ಬೇಕು ತಾನೇ ಮೇಡಂ?”

ಬೇಕಿತ್ತು. ಎರಡು ವರ್ಷದಿಂದ ಕಾಯುತ್ತಿದ್ದೆ. “ಬೇಕು ಸಾರ್. ಆದ್ರೂ ಸೈನ್ ಮಾಡಲ್ಲ. ನಕ್ಷೆ ಕೊಡಿ” ಎಂದೆ.

ಮೂರು ವಾರ ಹಿಡಿಯಿತು. ಪ್ರತಿ ಸರಳು, ಪ್ರತಿ ಪೈಪಿನ ಅಳತೆಯನ್ನೂ ನಾನೇ ಓದಿ ತುಂಬಿದೆ. ನನ್ನಿಂದಲೇ ತಡವಾಯಿತೆಂದು ಟೀಮಿನವರು ಯಾರೂ ಜೊತೆಗೆ ಊಟಕ್ಕೆ ಕೂರಲಿಲ್ಲ. ಒಬ್ಬಳೇ ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ತಿಂದೆ. ಕೊನೆಗೆ ಬಂದ ಉತ್ತರ ಮೊದಲಿನದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಬೇರೆಬೇರೆಯಾಗಿ ಕಟ್ಟಿದಾಗ ಅಷ್ಟು ವ್ಯತ್ಯಾಸ ಸಹಜ; ಎರಡೂ ಉತ್ತರಗಳು ಸುರಕ್ಷಿತ ಮಿತಿಗಿಂತ ಎಷ್ಟೋ ಕೆಳಗಿದ್ದವು. ಅಂದರೆ ಮೊದಲ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ.

ಲೀಡ್ ನಕ್ಕರು. “ನೋಡಿ, ಅವತ್ತೇ ಸರಿ ಇತ್ತು. ಮೂರು ವಾರ ದಂಡ.”

“ಇತ್ತು ಸಾರ್. ಆದ್ರೆ ಅವತ್ತು ಅದು ನಮ್ಮಿಬ್ರಿಗೂ ಗೊತ್ತಿರ್ಲಿಲ್ಲ” ಎಂದು ಅವರೆದುರೇ ಸಹಿ ಹಾಕಿದೆ.

ಪ್ರಮೋಷನ್ ಆ ವರ್ಷವೂ ಬರಲಿಲ್ಲ. ಬರದಿದ್ದರೆ ಬೇಡ. ಈಗಲೂ ಯಾರಾದರೂ ರೆಡಿ ಫೈಲ್ ಕಳಿಸಿದರೆ ತೆರೆಯದೆ ಅಳಿಸಿ, ನಕ್ಷೆ ಕೇಳುತ್ತೇನೆ.