ಹತ್ತಿಯ ಬಸಿರು

ನನ್ನ ಬಯಕೆ ಶಾಸ್ತ್ರದ ಫೋಟೋ ಹದಿಮೂರು ವರ್ಷ ಮಂಗಳೂರಿನ ಉರ್ವದ ನಮ್ಮ ಮನೆಯ ಗೋಡೆಯ ಮೇಲಿತ್ತು. ಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ, ಮಡಿಲಲ್ಲಿ ತಿಂಡಿ, ಏಳು ತಿಂಗಳ ಹೊಟ್ಟೆ. ಮಗಳು ಸಣ್ಣವಳಿದ್ದಾಗ ಕುರ್ಚಿ ಹತ್ತಿ ನಿಂತು ಆ ಹೊಟ್ಟೆಯ ಮೇಲೆ ಬೆರಳಿಟ್ಟು, "ನಾನು ಇದರ ಒಳಗೆ ಇದ್ದೇನೆ" ಎನ್ನುತ್ತಿದ್ದಳು. ಬಂದ ನೆಂಟರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅದರೊಳಗೆ ಇದ್ದದ್ದು ಹತ್ತಿ.

ಮೂರು ಸಲ ನಿಂತ ಬಸಿರು ಮೂರು ಸಲವೂ ಇಳಿದುಹೋದ ಮೇಲೆ, ನಿಮ್ಮ ಗರ್ಭಕೋಶ ಮಗುವನ್ನು ಹೊರಲಾರದು ಎಂದು ಡಾಕ್ಟರು ಹೇಳಿದರು. ಕೊನೆಗೆ ನನ್ನ ಮತ್ತು ಗಂಡನ ಮಗುವನ್ನು ಘಟ್ಟದ ಮೇಲಿನ ಊರಿನ ಒಬ್ಬ ಹೆಂಗಸು ಹೊತ್ತಳು. ಆಗ ಕಾನೂನು ಈಗಿನಷ್ಟು ಬಿಗಿಯಾಗಿರಲಿಲ್ಲ. ಜನ ಅಂಥವರನ್ನು ಬಾಡಿಗೆ ತಾಯಿ ಎನ್ನುತ್ತಾರೆ. ಆ ಮಾತು ಕೇಳಿದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಬಾಡಿಗೆಗೆ ತರುವುದು ಮದುವೆಯ ಕುರ್ಚಿಯನ್ನು, ಶಾಮಿಯಾನವನ್ನು.

ಹತ್ತಿಯ ಉಪಾಯ ಅತ್ತೆಯದು. ನಮ್ಮ ತುಳುವರಲ್ಲಿ ಮಗುವಿನ ಬಳಿ, ಅಂದರೆ ಕುಲದ ಗುರುತು, ತಾಯಿಯಿಂದ ಬರುತ್ತದೆ. ಹೆತ್ತವಳು ಯಾರೆಂಬ ಮಾತು ಎದ್ದರೆ ಮಗು ಯಾವ ಬಳಿಯದು ಎಂಬ ಮಾತೂ ಏಳುತ್ತದೆ ಎಂದು ಅವರಿಗೆ ಹೆದರಿಕೆ. "ಊರಿನವರ ಬಾಯಿಗೆ ಬೀಗ ಹಾಕ್ಲಿಕ್ಕೆ ಆಗ್ತದಾ ಮಗಾ? ಹೊಟ್ಟೆ ತಾನೆ, ನಾವೇ ಮಾಡುವ" ಎಂದರು. ಹಳೆಯ ಹಾಸಿಗೆ ಬಿಚ್ಚಿ, ತಿಂಗಳು ತಿಂಗಳು ಒಂದೊಂದು ಹಿಡಿ ಹತ್ತಿ ಸೇರಿಸಿ ಹೊಲಿದರು. ನಾನು ಅದನ್ನು ಕಟ್ಟಿಕೊಂಡು ನೆಂಟರ ಮುಂದೆ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದೆ. ಮಗು ಮನೆಗೆ ಬಂದ ಮೇಲೆ ಅತ್ತೆ ಅದೇ ಹತ್ತಿಯಿಂದ ಒಂದು ಪುಟ್ಟ ತಲೆದಿಂಬು ಮಾಡಿದರು. ಅವರಿಗೆ ಯಾವುದನ್ನೂ ಬಿಸಾಡಿ ಗೊತ್ತಿರಲಿಲ್ಲ. ಅತ್ತೆ ಈಗಿಲ್ಲ, ಮಗಳು ಮಾತ್ರ ಆ ದಿಂಬು ಬಿಟ್ಟು ಮಲಗುವುದಿಲ್ಲ.

ನನ್ನನ್ನು ಬಿಟ್ಟುಹೋಗದ್ದೂ ಒಂದಿದೆ. ಪಣಂಬೂರಿನ ಕಡೆಯ ಶಾಲೆಯೊಂದಕ್ಕೆ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಕೂಳೂರು ಸೇತುವೆಯ ಮೇಲೆ ಬಸ್ಸು ಎತ್ತಿಹಾಕಿದಾಗ ಕೈ ತಾನಾಗಿ ಹೊಟ್ಟೆಗೆ ಹೋಗುತ್ತದೆ, ಮತ್ತು ಒಳಗೆ ಏನೋ ಒದೆಯುತ್ತದೆ. ಇಷ್ಟು ವರ್ಷಗಳ ಮೇಲೂ ಒದೆಯುತ್ತದೆ, ದೇವರಾಣೆ. ಅದರ ಹಿಂದೆಯೇ ಬಾಯಿಗೆ ಮಾವಿನಕಾಯಿಯ ಹುಳಿ ಬರುತ್ತದೆ.

ಆ ಹೆಂಗಸನ್ನು ನಾನು ನೋಡಿದ್ದು ಒಂದೇ ಸಲ, ಅವಳಿಗೆ ಏಳು ತಿಂಗಳು ತುಂಬುವಾಗ. ಬಸುರಿಯರನ್ನು ಇರಿಸಿದ್ದ ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದಳು. ನಾನು ಹೊರಡುವಾಗ ಮೆಲ್ಲಗೆ, "ಅಕ್ಕಾ, ಒಂದ್ ಮಾವಿನ್ಕಾಯಿ ತಂದ್ಕೊಡ್ತೀರಾ? ಉಪ್ಪು ಖಾರ ಹಚ್ಕೊಂಡು ತಿನ್ಬೇಕು ಅನ್ಸ್ತೈತೆ" ಎಂದಳು. ಪಕ್ಕದಲ್ಲಿದ್ದ ಮೇಲ್ವಿಚಾರಕಿ, ಹೊರಗಿನ ತಿಂಡಿ ಕೊಡುವಂತಿಲ್ಲ ಎಂದಳು. ನಾನು ಎದುರಾಡಲಿಲ್ಲ. ಮಗುವಿಗೆ ಏನಾದರೂ ಆದರೆ ಎಂದು ನನಗೂ ಒಳಗೊಳಗೆ ಹೆದರಿಕೆ. ಮುಂದಿನ ವಾರ ಮಂಗಳೂರಿನಲ್ಲಿ ನನಗೆ ಬಯಕೆ. ಐದು ಮುತ್ತೈದೆಯರು ನನ್ನ ಮಡಿಲು ತುಂಬಿದರು, ಎಲೆಯ ತುದಿಗೆ ಹೋಳು ಮಾಡಿದ ಮಾವಿನಕಾಯಿಯನ್ನೂ ಬಡಿಸಿದರು. "ತಿನ್ನು ಮಾರಾಯ್ತಿ, ನಾಚಿಕೆ ಎಂತದ್ದು!" ಎಂದರು. ಹತ್ತಿ ಕಟ್ಟಿಕೊಂಡು ಕೂತ ನಾನು ಒಂದು ಹೋಳೂ ಬಿಡದೆ ತಿಂದೆ.

ನಮ್ಮಂಥ ಆರು ಕುಟುಂಬಗಳು ಒಟ್ಟಾದದ್ದು ಈಚೆಗೆ. ಒಬ್ಬಳಿಗೆ, ನೀನು ಹೆತ್ತಿಲ್ಲವಲ್ಲ ಎಂದು ಕಚೇರಿಯವರು ಹೆರಿಗೆ ರಜೆ ಕೊಡಲಿಲ್ಲ. ದಾನಿಯ ಅಂಡದಿಂದ ಮಗು ಪಡೆದ ಇನ್ನೊಬ್ಬಳ ಗಂಡ ತೀರಿಕೊಂಡ ಮೇಲೆ, ಮಗು ನಮ್ಮ ಮನೆಯದ್ದಲ್ಲ ಎಂದು ಮೈದುನಂದಿರು ತಾಯಿ ಮಗು ಇಬ್ಬರನ್ನೂ ಹೊರಗೆ ಹಾಕಿದರು. ನನ್ನ ಬಾಯಿ ಜೋರು, ಹಾಗಾಗಿ ಮುಂದೆ ನಿಂತೆ. ಅರ್ಜಿ ಬರೆದೆ, ಕಚೇರಿಗಳ ಮೆಟ್ಟಿಲು ಸವೆಸಿದೆ; ಕೊನೆಗೆ ಎಲ್ಲರೂ ಸೇರಿ ವಕೀಲೆಯೊಬ್ಬರನ್ನು ಹಿಡಿದು ಕೋರ್ಟಿಗೆ ಹೋದೆವು. "ನೀವೇ ನಾಚಿಕೊಂಡರೆ ಕಾನೂನು ನಿಮ್ಮನ್ನು ಮರ್ಯಾದೆಯಿಂದ ನೋಡ್ತದಾ? ಮೊದಲು ಮಕ್ಕಳಿಗೆ ಸತ್ಯ ಹೇಳಿ" ಎಂದು ಸಭೆಗಳಲ್ಲಿ ಗದರಿಸಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ನನ್ನ ಮಗಳಿಗೆ ನಾನು ಏನೂ ಹೇಳಿರಲಿಲ್ಲ.

ಒಂದು ದಿನ ನಮ್ಮ ವಕೀಲೆ, "ಕೋರ್ಟಿಗೆ ಒಬ್ಬ ತಾಯಿಯ ಅಫಿಡವಿಟ್ ಬೇಕು, ನಿಜವಾದ ಹೆಸರು ಹಾಕಿ. ಪೇಪರಿನಲ್ಲಿ ಬಂದರೂ ಬಂದೀತು. ಯಾರು ಕೊಡ್ತೀರಿ?" ಎಂದು ಕೇಳಿದರು. ಐದು ಮನೆಯವರೂ ನನ್ನ ಮುಖ ನೋಡಿದರು. ಸಹಿ ಹಾಕಬೇಕಾದರೆ ಮೊದಲು ಮಗಳಿಗೆ ಹೇಳಬೇಕು. ಹೇಳಿದ ಮೇಲೆ ಅವಳು ನನ್ನನ್ನು ಅಮ್ಮ ಎಂದು ಕರೆಯದಿದ್ದರೆ? ಒಂದು ವಾರ ನನಗೆ ಅನ್ನ ಸೇರಲಿಲ್ಲ.

ಭಾನುವಾರ ಊಟವಾದ ಮೇಲೆ ಹೇಳಿದೆ, ಏನನ್ನೂ ಮುಚ್ಚಿಡದೆ. ಅವಳು ಅಳಲಿಲ್ಲ. ಎದ್ದು ಹೋಗಿ ಫೋಟೋದ ಮುಂದೆ ನಿಂತಳು. ಈಗ ಕುರ್ಚಿ ಬೇಕಿರಲಿಲ್ಲ.

"ಹಾಗಾದ್ರೆ ಇದರ ಒಳಗೆ ಎಂತ ಇತ್ತು?"

"ನಿನ್ನ ದಿಂಬು."

ಹಿಂದಿನ ಹಾಗೆಯೇ ಆ ಹೊಟ್ಟೆಯ ಮೇಲೆ ಬೆರಳಿಟ್ಟಳು. "ನನ್ನನ್ನು ಹೊತ್ತವರಿಗೆ ಬಯಕೆ ಯಾರು ಮಾಡಿದ್ರು?"

"ಯಾರೂ ಮಾಡ್ಲಿಲ್ಲ."

"ಮತ್ತೆ ಆ ಮಾವಿನಕಾಯಿ? ಆಮೇಲಾದ್ರೂ ಕಳಿಸಿದ್ದಾ?"

"ಇಲ್ಲ."

"ಅವರ ಹೆಸರು ಎಂತ?"

ನನಗೆ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ.

ಅವಳು ಫೋಟೋ ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ಇಟ್ಟಳು. ದಿಂಬನ್ನು ತಂದು ನನ್ನ ಮಡಿಲಲ್ಲಿ ಹಾಕಿ ಕೋಣೆಗೆ ಹೋದಳು. ನಾಲ್ಕು ದಿನ ನನ್ನನ್ನು ಏನಂತಲೂ ಕರೆಯಲಿಲ್ಲ. ಬೇಕಾದ್ದನ್ನು ಅಪ್ಪನ ಹತ್ತಿರ ಕೇಳಿದಳು. ಮುಗಿಯಿತು, ಹೆರದವಳಿಗೆ ಇಷ್ಟೇ, ಅಂದುಕೊಂಡೆ. ಅತ್ತೆಯ ಮೇಲೆ ಸಿಟ್ಟು ಬಂತು, ಸತ್ತವರ ಮೇಲೆ ಎಂತ ಸಿಟ್ಟು ಎಂದು ಅಳುವೂ ಬಂತು.

ಐದನೆಯ ದಿನ ಸಂಜೆ ವಕೀಲೆ ಟೈಪು ಮಾಡಿಸಿ ಕೊಟ್ಟ ಅಫಿಡವಿಟ್ಟಿನ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಮಗಳು ಬಂದು ಎದುರಿನ ಕುರ್ಚಿಯಲ್ಲಿ ಕೂತು, ಹಾಳೆಗಳನ್ನು ಎಳೆದುಕೊಂಡು ಮೊದಲಿನಿಂದ ಓದಿದಳು. ನಮ್ಮ ಕಷ್ಟ, ನಮ್ಮ ಕಣ್ಣೀರು, ನಮ್ಮ ಹಕ್ಕು ಎಲ್ಲ ಅದರಲ್ಲಿತ್ತು. ಹೊತ್ತವಳ ಬಗ್ಗೆ ಇದ್ದದ್ದು ಅರ್ಧ ಸಾಲು. ಓದಿ ಮುಗಿಸಿ ಪೆನ್ನನ್ನು ನನ್ನ ಕಡೆಗೆ ತಳ್ಳಿದಳು.

"ಅವರು ಮಾವಿನಕಾಯಿ ಕೇಳಿದ್ದು ಇದ್ರಲ್ಲಿ ಇಲ್ಲ" ಎಂದಳು. "ಅದನ್ನೂ ಬರೆ, ಅಮ್ಮಾ."