ಬಾಣಂತಿಗೆ ತಾಟೆ ತರಲು ದಕ್ಕೆಗೆ ಹೋದದ್ದು

ಕಾವೂರಿನಿಂದ ಮಂಗಳೂರಿನ ಹಳೆ ಬಂದರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇಷ್ಟಕ್ಕೆಲ್ಲ ಒಂದು ಪ್ರವಾಸ ಕಥನ ಬೇಕೇ ಎಂದು ಓದುಗರು ಕೇಳಬಹುದು. ಹಿಮಾಲಯ ಹತ್ತಿದವರು ಬರೆಯುತ್ತಾರೆ, ಕಾಶಿಗೆ ಹೋದವರು ಬರೆಯುತ್ತಾರೆ. ಅವರೆಲ್ಲ ತಮ್ಮ ಖುಷಿಯಿಂದ ಹೊರಟವರು. ನನ್ನನ್ನು ಹೊರಡಿಸಿದ್ದು ನನ್ನ ಹೆಂಡತಿ ಸರೋಜಿನಿ, ಬರಿಗೈಯಲ್ಲಿ ಮರಳಿದರೆ ಬಾಗಿಲು ತೆರೆಯುವುದಿಲ್ಲ ಎಂಬ ಷರತ್ತಿನೊಂದಿಗೆ.

ವಿಷಯ ಗಂಭೀರವಾದದ್ದೇ. ಮಗಳು ಶ್ರುತಿಗೆ ಹೆರಿಗೆಯಾಗಿ ಮೂರನೆಯ ವಾರ. ಮಗುವಿಗೆ ಹಾಲು ಸಾಲುತ್ತಿರಲಿಲ್ಲ. ಗಾಬರಿ ಬೇಡ, ಜೊತೆಗೆ ಹಾಲಿನ ಪುಡಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಆ ಪುಡಿಯ ಡಬ್ಬ ಕಂಡಾಗಲೆಲ್ಲ ಶ್ರುತಿ ಪರೀಕ್ಷೆಯಲ್ಲಿ ಫೇಲಾದವಳಂತೆ ಮುಖ ತಿರುಗಿಸುತ್ತಿದ್ದಳು. ನಮ್ಮ ಕರಾವಳಿಯ ಅಜ್ಜಿಯಂದಿರಿಗೆ ಇದಕ್ಕೆಲ್ಲ ಒಂದೇ ಮದ್ದು ಗೊತ್ತು: ತಾಟೆ ಮೀನು. ಹೊರಗಿನವರು ಅದನ್ನು ಶಾರ್ಕ್ ಎಂದು ಕರೆದು ಹೆದರುತ್ತಾರೆ. ನಾವು ಮೊಳದುದ್ದದ ಸಣ್ಣ ತಾಟೆಯನ್ನು ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಬೇಯಿಸಿ ಬಾಣಂತಿಗೆ ಬಡಿಸುತ್ತೇವೆ.

"ನೀನು ಹುಟ್ಟಿದಾಗ ನನ್ನಮ್ಮ ನನಗೆ ತಾಟೆ ಬಿಟ್ಟು ಬೇರೆ ಮೀನು ಕೊಟ್ಟದ್ದೇ ಇಲ್ಲ" ಎಂದು ಸರೋಜಿನಿ ಮಗಳಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವೆಂತ ಕೂತದ್ದು? ಕಾವೂರಿನ ಮಾರ್ಕೆಟಿನಲ್ಲಿ ಇಲ್ಲ. ಬಂದರಿನ ದಕ್ಕೆಗೆ ಹೋಗಿ" ಎಂದಳು.

ಜೊತೆಗೆ ಹೊರಟವನು ಪಕ್ಕದ ಮನೆಯ ಹೆನ್ರಿ. ಕುವೈತಿನಲ್ಲಿ ಕ್ರೇನು ಓಡಿಸಿ ನಿವೃತ್ತನಾಗಿ ಬಂದವನು. ಇಲ್ಲಿ ಓಡಿಸಲು ಏನೂ ಇಲ್ಲದ್ದರಿಂದ ನನ್ನನ್ನು ಓಡಿಸುತ್ತಾನೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ವಾರ ಅದು. ಬೆಳಿಗ್ಗೆಯೇ ಜಿಟಿಜಿಟಿ ಮಳೆ. ಇಪ್ಪತ್ತು ರೂಪಾಯಿಯ ಟಿಕೆಟು. ಬಸ್ಸಿನ ಸೂರಿನಿಂದ ತೊಟ್ಟಿಕ್ಕುವ ನೀರು ಉಚಿತ.

ಕೊಟ್ಟಾರದ ಸಿಗ್ನಲಿನಲ್ಲಿ ಬಸ್ಸು ಬೇರುಬಿಟ್ಟಿತು. ಹೊತ್ತು ಹೋಗಲೆಂದು, ಹಿಂದಿನ ದಿನ ಲೈಬ್ರರಿಯಲ್ಲಿ ಓದಿದ್ದನ್ನು ಹೆನ್ರಿಗೆ ಹೇಳಿದೆ. ಭೂಮಿಯ ಮೇಲೆ ಮರಗಳು ಹುಟ್ಟುವ ಮೊದಲೇ ತಾಟೆಯ ವಂಶ ಕಡಲಿನಲ್ಲಿತ್ತಂತೆ. ಜೀವಕೋಟಿಯನ್ನು ಅಳಿಸಿಹಾಕಿದ ಮಹಾಪ್ರಳಯಗಳು ಐದು. ಕೊನೆಯದು ಡೈನೋಸಾರುಗಳನ್ನೂ ಮುಗಿಸಿತು. ಐದನ್ನೂ ದಾಟಿ ಬಂದ ಈ ವಂಶ ಈಗ ಮನುಷ್ಯನ ಬಲೆಯನ್ನು ದಾಟಲಾರದೆ ಕರಗುತ್ತಿದೆಯಂತೆ. ಮರಿ ಹಾಕುವುದು ಕಡಿಮೆ, ದೊಡ್ಡದಾಗಲು ವರ್ಷಗಳು ಬೇಕು, ಅಷ್ಟರಲ್ಲಿ ಬಲೆಗೆ ಬಿದ್ದಿರುತ್ತವೆ.

ಹೆನ್ರಿ ಎಲ್ಲ ಕೇಳಿ, "ಹಾಗಾದರೆ ಈಗ ನೀವು ಯಾರ ಪಾರ್ಟಿ ಮಾರಾಯ್ರೆ? ತಾಟೆಯದ್ದಾ, ಮಗಳದ್ದಾ?" ಎಂದ.

"ಈ ಹೊತ್ತಿಗೆ ಮಗಳದ್ದು."

"ಮತ್ತೆಂತಕ್ಕೆ ಭಾಷಣ? ಮೀನು ತಗೊಳ್ಳುವಾಗ ಇದೆಲ್ಲ ಹೇಳಬೇಡಿ. ಕಡಿಮೆ ಉಂಟು ಅಂತ ಗೊತ್ತಾದರೆ ರೇಟು ಏರಿಸ್ತಾರೆ."

ಹಂಪನಕಟ್ಟೆ ದಾಟಿ ಕೊನೆಯ ಸ್ಟಾಪಿನಲ್ಲಿ ಇಳಿದು, ಬಂದರಿನ ಓಣಿಗಳಲ್ಲಿ ಮೆಣಸಿನ ಮೂಟೆಗಳ ಘಾಟಿಗೆ ಸೀನುತ್ತ ನಡೆದೆವು. ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆಯೇ ದಕ್ಕೆ. ಬಾಲ್ಯದಲ್ಲಿ ಅಪ್ಪ ನನ್ನನ್ನು ಇಲ್ಲಿಗೆ ಕರೆತರುತ್ತಿದ್ದರು. ಆಗ ಈ ನೆಲದ ಮೇಲೆ ಶಾಲೆಯ ಬೆಂಚಿನಷ್ಟು ಉದ್ದದ ತಾಟೆಗಳು ಮಲಗಿರುತ್ತಿದ್ದವು. ಒಮ್ಮೆ ಗರಗಸ ಮೀನನ್ನೂ ಕಂಡಿದ್ದೆ: ಮೂತಿಯೇ ಗರಗಸ, ಎರಡೂ ಬದಿಗೆ ಹಲ್ಲು. ಕಡಲಿನಲ್ಲಿಯೂ ಬಡಗಿಗಳಿದ್ದಾರೆಂದು ಬಹಳ ಕಾಲ ನಂಬಿದ್ದೆ. ಆ ಬಡಗಿಗಳು ಎಂದು ಕೆಲಸ ಬಿಟ್ಟು ಹೋದರೋ, ಯಾರೂ ಗಮನಿಸಲಿಲ್ಲ.

ಈಗ ನೆಲದ ತುಂಬ ಬಂಗುಡೆ, ಬೂತಾಯಿ, ಹೆಸರಿಡಲೂ ನಾಚುವಷ್ಟು ಸಣ್ಣ ಮೀನಿನ ರಾಶಿ. ತಾಟೆ ಎಲ್ಲಿ ಎಂದು ಕೇಳಿದಲ್ಲೆಲ್ಲ ಜನ ಮುಂದಕ್ಕೆ ಕೈ ತೋರಿಸಿದರು. ಮುಂದೆ, ಇನ್ನೂ ಮುಂದೆ. ಕೊನೆಗೆ ಕಟ್ಟೆಯ ತುದಿಯಲ್ಲಿ, ಹೆನ್ರಿಗೆ ಪರಿಚಯದ ಸುಮತಿಯಕ್ಕ ಎಂಬ ಮೀನು ಮಾರುವ ಹೆಂಗಸಿನ ಬುಟ್ಟಿಯಲ್ಲಿ ಮೂರು ತಾಟೆಗಳು ಸಿಕ್ಕವು. ಆಗಷ್ಟೇ ನಾಡದೋಣಿಯಲ್ಲಿ ಬಂದವು.

"ದೊಡ್ಡದು ಇಲ್ಲವಾ ಅಕ್ಕ?" ಎಂದೆ.

"ದೊಡ್ಡದಾ? ಅದಕ್ಕೆ ನೀವು ನಿಮ್ಮ ಅಜ್ಜನನ್ನು ಕಳಿಸಬೇಕಿತ್ತು" ಎಂದು ನಕ್ಕಳು. "ಬಾಣಂತಿಗಾ? ಬೇಗ ತಗೊಳ್ಳಿ ಅಣ್ಣಾ. ಬೆಳಿಗ್ಗೆಯಿಂದ ನೀವು ನಾಲ್ಕನೆಯವರು. ಊರಿನವರೆಲ್ಲ ಒಟ್ಟಿಗೇ ಹೆತ್ತಿದ್ದಾರೆ."

ಮೂರರಲ್ಲಿ ಎರಡು ಬಡಕಲು. ಮೂರನೆಯದು ದುಂಡಗೆ, ಹೊಟ್ಟೆ ತುಂಬಿಕೊಂಡಿತ್ತು. ಮೀನಿನ ವಿಷಯದಲ್ಲಿ ನಾನು ಜಾಣನೆಂದು ತೋರಿಸಲು, ಅದರ ಬೆನ್ನು ಒತ್ತಿ, ಕಿವಿರಿನ ಸೀಳು ಬಿಡಿಸಿ, "ಇದರಲ್ಲಿ ಮಾಂಸ ಚೆನ್ನಾಗಿದೆ, ಇದೇ ಇರಲಿ" ಎಂದು ತೀರ್ಪು ಕೊಟ್ಟೆ. ಹೆನ್ರಿ ತಲೆದೂಗಿದ. ಸುಮತಿಯಕ್ಕ ಕತ್ತಿ ಎತ್ತಿ ಹೊಟ್ಟೆ ಸೀಳಿದಳು.

ಒಳಗಿನಿಂದ ಮರಿಗಳು ಜಾರಿ ಹಲಗೆಯ ಮೇಲೆ ಬಿದ್ದವು. ಅಂಗೈಯುದ್ದದವು, ಕಣ್ಣು, ರೆಕ್ಕೆ, ಬಾಲ ಎಲ್ಲ ತಯಾರಾಗಿ, ಹೊರಡುವುದಷ್ಟೇ ಬಾಕಿಯಿದ್ದವು.

"ಇದು ಫ್ರೀ!" ಎಂದಳು ಸುಮತಿಯಕ್ಕ. "ಬಾಣಂತಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಿಮ್ಮ ಮಗಳ ಪುಣ್ಯ."

ಒಂದರ ಬಾಲ ಅಲುಗಿತು ಎಂದು ನನಗನ್ನಿಸಿತು. ಹಲಗೆ ಅಲುಗಿದ್ದೂ ಇರಬಹುದು. ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಕಟ್ಟೆಯ ಅಂಚಿಗೆ ನಡೆದೆ. ಎದುರಿಗೆ ಹೊಳೆ, ಅದರಾಚೆ ದಡದಲ್ಲಿ ಮೀನುಗಾರರ ಊರು ಬೆಂಗರೆ, ಎಡಗಡೆಗೆ ಅಳಿವೆಬಾಗಿಲು, ಆಮೇಲೆ ಕಡಲು. "ಎಂತ ಮಾಡ್ತೀರಿ?" ಎಂದು ಹೆನ್ರಿ ಕೂಗಿದ. ಮನುಕುಲದ ಪರವಾಗಿ ನಾನು ಬಗ್ಗಿ, ಮರಿಯನ್ನು ನೀರಿಗೆ ಬಿಟ್ಟೆ.

ಅದು ಒಂದು ಸುತ್ತು ತಿರುಗಿ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿತು. ಸರಿಯಾದ ಕಡೆಗೆ ಮಗುಚೀತೆಂದು ಕಾದೆ. ಅಷ್ಟರಲ್ಲಿ ಮಂಜುಗಡ್ಡೆ ಕಾರ್ಖಾನೆಯ ಸೂರಿನಿಂದ ಗರುಡವೊಂದು ಇಳಿದು, ಉಗುರಿನಲ್ಲಿ ಅದನ್ನು ಎತ್ತಿಕೊಂಡು ಹೋಯಿತು.

"ಆಯ್ತಲ್ಲ, ಬನ್ನಿ" ಎಂದ ಹೆನ್ರಿ. ದನಿಯಲ್ಲಿ ತಮಾಷೆ ಇರಲಿಲ್ಲ. ಉಳಿದ ಮರಿಗಳನ್ನು ಸುಮತಿಯಕ್ಕ ಆಗಲೇ ತಾಯಿಯ ತುಂಡುಗಳೊಂದಿಗೆ ಕಟ್ಟಿಬಿಟ್ಟಿದ್ದಳು. ಹಿಂದಿರುಗುವ ಬಸ್ಸಿನಲ್ಲಿ ಪೊಟ್ಟಣ ನನ್ನ ತೊಡೆಯ ಮೇಲಿತ್ತು. ಕೊಟ್ಟಾರದಲ್ಲಿ ಬಸ್ಸು ಮತ್ತೆ ನಿಂತಿತು. ಈ ಸಲ ನಾನು ಸಿಗ್ನಲಿನ ಸೆಕೆಂಡುಗಳನ್ನು ಎಣಿಸಿದೆ.

ಸರೋಜಿನಿ ಬಾಗಿಲು ತೆರೆದಳು. ಪೊಟ್ಟಣ ಬಿಚ್ಚಿ, "ಅಬ್ಬ, ಮರಿಯೂ ಉಂಟಾ! ಜನ್ಮಕ್ಕೆ ಒಂದು ಒಳ್ಳೆಯ ಮೀನು ತಂದಿರಿ" ಎಂದಳು. ಮದುವೆಯಾದ ಮೇಲೆ ಮೀನಿನ ವಿಷಯದಲ್ಲಿ ನನಗೆ ದೊರೆತ ಮೊದಲ ಪ್ರಶಸ್ತಿ ಅದು.

ಮಧ್ಯಾಹ್ನ ಶ್ರುತಿಯ ಮುಂದೆ ಬಿಸಿ ಗಂಜಿ, ತಾಟೆಯ ಸಾರು. ಮಗು ಅವಳ ಮಡಿಲಲ್ಲಿ. ಅವಳು ಚಮಚ ಹಿಡಿದು ನನ್ನನ್ನು ನೋಡಿದಳು.

"ಅಪ್ಪ, ಇದರ ಹೊಟ್ಟೆಯಲ್ಲಿ ಮರಿ ಇತ್ತಂತೆ, ಹೌದಾ?"

"ಇತ್ತು."

ಅವಳು ಚಮಚ ಕೆಳಗಿಟ್ಟಳು. ಆಗ ಮಗು ಎಚ್ಚರಗೊಂಡು ಅಳತೊಡಗಿತು. ದನಿ ಹರಿದುಹೋಗುವಂತೆ, ಕೈ ಬಿಗಿಹಿಡಿದು. ಶ್ರುತಿ ಸ್ವಲ್ಪ ಹೊತ್ತು ಅದರ ಮುಖವನ್ನೇ ನೋಡಿದಳು. ಆಮೇಲೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಕೊನೆಯ ತುಂಡಿನವರೆಗೂ ಉಂಡಳು.

ಸಂಜೆ ಮನೆಯಲ್ಲಿ ಸದ್ದಿರಲಿಲ್ಲ. ಮಗು ಹೊಟ್ಟೆ ತುಂಬಿ ಮಲಗಿತ್ತು. ಶ್ರುತಿಯೂ ಬಾಯಿ ತೆರೆದು ನಿದ್ದೆ ಹೋಗಿದ್ದಳು. ತಾಟೆಯ ಗುಣವೋ, ತಿಂದೆನೆಂಬ ಧೈರ್ಯವೋ, ಯಾರು ಬಲ್ಲರು? ಸರೋಜಿನಿ ಮಾತ್ರ ಬಲ್ಲಳು. ಗೆದ್ದವರ ದನಿಯಲ್ಲಿ, "ನಾಡಿದ್ದು ಇನ್ನೊಂದು ತನ್ನಿ" ಎಂದಳು.

ಬೇಡ ಎನ್ನಲು ಬಾಯಿ ತೆರೆದವನು ತೊಟ್ಟಿಲ ಕಡೆ ನೋಡಿದೆ. ಅಂಗಳಕ್ಕೆ ಹೋಗಿ, ಗೋಡೆಯಾಚೆ ನಿಂತಿದ್ದ ಹೆನ್ರಿಯನ್ನು ಕರೆದೆ.

"ನಾಡಿದ್ದು ದಕ್ಕೆಯಲ್ಲಿ ಸಿಗದಿದ್ದರೆ, ಬೆಂಗರೆಯ ಕಡೆ ಎಲ್ಲಾದರೂ ಉಂಟಾ?"