ಸದ್ದಿಲ್ಲದ ಕಡೆ ಓಡದ ತಲೆ

ನಮ್ಮ ಮನೆಯಲ್ಲಿ ಯಾರಿಂದಲೂ, ನನ್ನಿಂದಂತೂ, ಡಿಗ್ರಿ ಮಾಡುವುದು ಸಾಧ್ಯವಿಲ್ಲ ಎಂದವರು ನನ್ನ ದೊಡ್ಡಪ್ಪ. ಕೋಪದಿಂದೇನೂ ಅಲ್ಲ, ನಾಳೆ ಮಳೆ ಬರುವುದಿಲ್ಲ ಎನ್ನುವ ಹಾಗೆ ಹೇಳಿದರು. "ಅವ್ನ ಕೈಲಿ ಆಗಲ್ಲ ಬಿಡ್ರಿ. ಮಗ್ಗದ ಮನೇಲಿ ಹುಟ್ಟಿದೋನಿಗೆ ಒಂದ್ಕಡೆ ಸುಮ್ನೆ ಕೂತ್ಕೊಳ್ಳೋದು ಎಲ್ಲಿಂದ ಬರ್ತದೆ?"

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಅರ್ಧದಲ್ಲಿ ನಾವಿದ್ದೆವು, ಹಿಂದಿನ ಅರ್ಧದಲ್ಲಿ ಪವರ್‌ಲೂಮುಗಳಿದ್ದವು. ಸದ್ದು ಎರಡೂ ಕಡೆ. ನಮ್ಮ ಬೀದಿಯಲ್ಲಿ ಮಾತೆಂದರೆ ಕೂಗು. ತೊಂಬತ್ತರ ದಶಕದ ಮೊದಲಲ್ಲಿ, ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತ ಬಿ.ಎ. ಸೇರಿದೆ. ಅರ್ಥಶಾಸ್ತ್ರದ ಸೀಟು ತುಂಬಿತ್ತು, ತತ್ವಶಾಸ್ತ್ರ ಸಿಕ್ಕಿತು.

ಮೊದಲ ಪತ್ರಿಕೆಯೇ ಪ್ರಾಚೀನ ಗ್ರೀಕರದ್ದು. ಮನುಷ್ಯನೊಳಗೆ ಯೋಚಿಸುವುದು ಯಾವುದು, 'ನಾನು' ಅನ್ನುವುದು ಎಲ್ಲಿದೆ ಎಂಬುದೇ ಅವರ ಜಗಳ, ಅದು ಇವತ್ತಿಗೂ ತೀರಿಲ್ಲ. ಒಬ್ಬ ಗಾಳಿ ಎಂದ. ಇನ್ನೊಬ್ಬ ಬೆಂಕಿ ಎಂದ. ಮತ್ತೊಬ್ಬ, ಹೃದಯದ ಸುತ್ತಲಿನ ರಕ್ತ ಎಂದ. ಮಗ್ಗದ ಪಕ್ಕ ನಿಂತು, ಕಡಿದ ಎಳೆಗೆ ಗಂಟು ಹಾಕುತ್ತ, ಇದನ್ನೆಲ್ಲ ಕೂಗಿ ಕೂಗಿ ಓದುತ್ತಿದ್ದೆ. ಎದುರು ಮಗ್ಗದಿಂದ ದೊಡ್ಡಪ್ಪ ಕೇಳುತ್ತಿದ್ದರು.

"ಏನ್ಲಾ ಅದು?"

"ಯೋಚ್ನೆ ಮಾಡೋದು ರಕ್ತ ಅಂತೆ ದೊಡ್ಡಪ್ಪಾ!"

"ಹಂಗಾರೆ ಸೊಳ್ಳೆ ಭಾರಿ ಬುದ್ವಂತ ಆಗಿರ್ಬೇಕಲ್ಲಾ!"

ಪರೀಕ್ಷೆಯ ದಿನ ಪ್ರಶ್ನೆ ಗೊತ್ತಿದ್ದದ್ದೇ ಬಂತು. ಆದರೆ ಆ ಕೋಣೆಯಲ್ಲಿ ಸದ್ದಿರಲಿಲ್ಲ. ಹುಟ್ಟಿದಾಗಿನಿಂದ ಅಂಥ ಮೌನದಲ್ಲಿ ಕೂತು ಯೋಚಿಸಿದವನಲ್ಲ ನಾನು. ಉಳಿದ ವಿಷಯಗಳಲ್ಲಿ ಬಾಯಿಪಾಠ ಮಾಡಿದ್ದನ್ನು ಕೈಯೇ ಬರೆದುಕೊಂಡು ಹೋಗುತ್ತಿತ್ತು. ಇಲ್ಲಿ 'ಚರ್ಚಿಸಿ' ಎಂದಿದ್ದರು, ಯೋಚಿಸಬೇಕಿತ್ತು. ನನಗೆ ಅರಿವಿಲ್ಲದೆ ಕಾಲು ನೆಲಕ್ಕೆ ಮಗ್ಗದ ತಾಳ ಬಡಿಯತೊಡಗಿತು. ತಲೆ ಆಗಷ್ಟೇ ಓಡತೊಡಗಿತ್ತು.

"ರೀ, ಕಾಲು ಸುಮ್ನೆ ಇಟ್ಕೊಳ್ರೀ. ಇದೇನ್ ಡ್ಯಾನ್ಸ್ ಕ್ಲಾಸಾ?" ಎಂದರು ಮೇಲ್ವಿಚಾರಕರು. ಎಲ್ಲರೂ ತಿರುಗಿ ನೋಡಿದರು. ಕಾಲು ನಿಂತಿತು, ಪೆನ್ನೂ ನಿಂತಿತು. ಫೇಲಾದೆ.

ಮೂರು ವರ್ಷ ಮುಗಿದರೂ ಆ ಒಂದು ಪತ್ರಿಕೆ ಉಳಿದೇ ಇತ್ತು. "ಇದೊಂದ್ಸಲ ಬರಿ," ಎಂದರು ದೊಡ್ಡಪ್ಪ. "ಆಗ್ಲಿಲ್ವಾ, ಪುಸ್ತಕ ಎತ್ತಿಟ್ಟು ಮಗ್ಗಕ್ಕೆ ನಿಂತ್ಕೊ." ನನಗೆ ಫೇಲಾದದ್ದಕ್ಕಿಂತ ಬೇರೊಂದು ಯೋಚನೆ ಕೊರೆಯುತ್ತಿತ್ತು. ಬುದ್ಧಿ ನನ್ನದೇ ಆಗಿದ್ದರೆ ಅದು ನನ್ನ ಜೊತೆ ಬಸ್ಸು ಹತ್ತಬೇಕಿತ್ತಲ್ಲ? ಇಷ್ಟು ದಿನ ಯೋಚಿಸಿದ್ದು ನಾನೋ, ಮಗ್ಗವೋ? ಉಣ್ಣುವಾಗಲೂ ಇದೇ. ಮೌನ ಅಭ್ಯಾಸವಾಗಲೆಂದು ಸೈಕಲ್ಲಿನಲ್ಲಿ ರಾಜಘಟ್ಟದ ಕಡೆ ಹೋಗಿ ಹೊಲದ ಬದುವಿನಲ್ಲಿ ಕೂತೆ. ಒಂದು ಹಕ್ಕಿ ಕೂಗಿದರೆ ಸಾಕು, ಬೆಚ್ಚಿ ತಿರುಗಿ ನೋಡುತ್ತಿದ್ದೆ. ಪುಟ ಮುಂದೆ ಹೋಗಲಿಲ್ಲ.

ಕೊನೆಯ ಸಲ ಬರೆಯಲು ಕೂತಾಗಲೂ ಅದೇ ಮೌನ. ಸೋತು, ಎಡಗೈ ಮೇಲೆ ಗಲ್ಲ ಇಟ್ಟುಕೊಂಡೆ. ಬೆರಳಿನಡಿ, ದವಡೆಯ ಕೆಳಗೆ, ನಾಡಿ ಹೊಡೆಯುತ್ತಿತ್ತು. ಒಂದೇ ಸಮ, ನಿಲ್ಲದೆ. ಕೈ ತೆಗೆಯಲಿಲ್ಲ. ನಾವು ನಕ್ಕಿದ್ದ ಆ ರಕ್ತದವನು ನೆನಪಾದ, ಪೆನ್ನು ಹೊರಟಿತು.

ರಕ್ತ ಯೋಚಿಸುತ್ತದೆ ಎಂದು ಬರೆಯಲಿಲ್ಲ. ಎಳೆ ಕಡಿದರೆ, ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಮಗ್ಗ ನಿಲ್ಲಿಸುತ್ತದೆ. ಆ ಕೈ ನಾನಲ್ಲದೆ ಬೇರೆ ಯಾರು ಎಂದು ಬರೆದೆ. 'ನಾನು' ಒಂದು ಮೂಲೆಯಲ್ಲಿ ಕೂತಿದೆ ಎಂದು ಹುಡುಕಿದ್ದೇ ಅವರೆಲ್ಲರ ತಪ್ಪಿರಬಹುದು ಎಂದೂ ಬರೆದೆ. ಅದು ಪುಸ್ತಕದ ಉತ್ತರವಲ್ಲ. ಮಾರ್ಕು ಕೊಡುತ್ತಾರೋ ಗೀಟು ಹಾಕುತ್ತಾರೋ ಗೊತ್ತಿರಲಿಲ್ಲ. ಫಲಿತಾಂಶ ಬರುವವರೆಗೆ ಯಾವ ಬೀದಿಯಲ್ಲೂ ನಿಲ್ಲಲಾಗದೆ ಊರೆಲ್ಲ ಸುತ್ತಿದೆ.

ಪಾಸಾದೆ.

ಪದವಿ ಪತ್ರ ಬಂದ ದಿನ ಅದನ್ನು ನೇರ ತಂದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಎಣ್ಣೆ ಕೈಯನ್ನು ಪಂಚೆಗೆ ಒರೆಸಿ, ಅಂಚು ಮಾತ್ರ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಮಗ್ಗದ ಸದ್ದಿನ ಮೇಲೆ ಕೂಗಿದರು:

"ಅಲ್ಲ ಕಣ್ಲಾ, ಗಾಳಿನೋ ರಕ್ತನೋ ಅಂತ ಅವ್ರ ಜಗಳ ಇನ್ನೂ ತೀರ್ಮಾನ ಆಗಿಲ್ಲ ಅಂತಿದ್ಯಲ್ಲ, ಅಷ್ಟರಲ್ಲೇ ಸರ್ಟಿಫಿಕೇಟ್ ಕೊಟ್ಬುಟ್ರಾ?"